ಅವರನ್ನು ದೇವರು ಮಾಡಬೇಡ

ಪ್ರೀತಿಯ ತಂಗಿ,

ಜರ್ಮನಿಯ ಯೆಹೂದಿ ಮುಖಂಡ ಇಗ್ನಾಟ್ಸ್ ಬೂಬಿಸ್ ಬಗ್ಗೆ ನೀನು ಬರೆದದ್ದನ್ನು ಓದಿದೆ. ಜೊತೆಗಿದ್ದ ಚೀಟಿಯನ್ನೂ ಓದಿದೆ. ಬರೆಯುವುದನ್ನೇ ಬಿಡ್ತೀಯಂತೆ. ಬಿಡೋದಾದರೆ ಇದನ್ನು ಸರಿ ಮಾಡಿ ಆಮೇಲೆ ಬಿಡು. ಕಾಗುಣಿತ, ಪ್ಯಾರಾ, ಶೀರ್ಷಿಕೆ ಎಲ್ಲ ಯಾರಾದರೂ ತಿದ್ದಿಕೊಡುತ್ತಾರೆ. ಅದಕ್ಕೆ ನಾನು ಬೇಕಿಲ್ಲ.

1998ರ ಅಕ್ಟೋಬರ್ 11ರ ಭಾಗ ಚೆನ್ನಾಗಿದೆ. ಫ್ರಾಂಕ್‌ಫರ್ಟಿನ ಪೌಲ್ಸ್‌ಕಿರ್ಖೆ ಎಂಬ ಹಳೇ ಚರ್ಚಿನಲ್ಲಿ ಜರ್ಮನ್ ಪುಸ್ತಕೋದ್ಯಮದ ಶಾಂತಿ ಪ್ರಶಸ್ತಿ ಪಡೆದ ಕಾದಂಬರಿಕಾರ ಮಾರ್ಟಿನ್ ವಾಲ್ಸರ್ ಭಾಷಣ ಮಾಡಿದರು. ಜರ್ಮನ್ನರಾದ ನಮ್ಮ ನಾಚಿಕೆಗೇಡನ್ನು ಸದಾ ಮುಂದೆ ಹಿಡಿಯುವುದು ಸಾಕು, ನಾಜಿಗಳು ಯೆಹೂದಿಗಳನ್ನು ಕೊಂದ ಆಶ್ವಿಟ್ಸ್ ಶಿಬಿರದ ಹೆಸರು ಬೆದರಿಸುವ ದೊಣ್ಣೆಯಾಗಬಾರದು ಅನ್ನುವ ಧಾಟಿ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಜರ್ಮನಿಯ ಯೆಹೂದಿಗಳ ಕೇಂದ್ರ ಮಂಡಳಿಯ ಅಧ್ಯಕ್ಷ ಬೂಬಿಸ್, ಅವರ ಹೆಂಡತಿ ಇಡಾ ಕೂತೇ ಇದ್ದರು. ನೀನು ಅವರ ಕಣ್ಣಲ್ಲಿ ನೀರು ತರಿಸಿಲ್ಲ, ಪುಣ್ಯ.

ಉಳಿದದ್ದೇನು? ಬೂಬಿಸ್ ಅಪ್ಪನನ್ನು ನಾಜಿಗಳು ಟ್ರೆಬ್ಲಿಂಕಾ ಶಿಬಿರದಲ್ಲಿ ಕೊಂದರು, ಹುಡುಗ ದುಡಿಮೆ ಶಿಬಿರದಿಂದ ಜೀವ ಉಳಿಸಿಕೊಂಡು ಬಂದ. ಅಲ್ಲಿಂದ ನೇರ ಅಧ್ಯಕ್ಷರ ಕುರ್ಚಿಗೆ ಹಾರಿಬಿಟ್ಟಿದ್ದೀಯ! ನಡುವಿನ ಮನುಷ್ಯ ಎಲ್ಲಿ? ಬೂಬಿಸ್ ರಿಯಲ್ ಎಸ್ಟೇಟ್ ಮಾಡಿದವರು. 1970ರ ದಶಕದಲ್ಲಿ ಫ್ರಾಂಕ್‌ಫರ್ಟಿನ ವೆಸ್ಟೆಂಡ್ ಬಡಾವಣೆಯಲ್ಲಿ ಹಳೇ ಮನೆ ಕೆಡವಿ ಆಫೀಸು ಕಟ್ಟುವ ಭರಾಟೆ. ಖಾಲಿ ಮನೆಗಳಿಗೆ ಹುಡುಗರು ನುಗ್ಗಿ ಕೂತರು, ಪೊಲೀಸರ ಜೊತೆ ಹೊಡೆದಾಟವಾಯಿತು. ಆ ಮನೆಗಳಲ್ಲಿ ಕೆಲವು ಇವರವೇ.

ಯಾಕೆ ಬಿಟ್ಟೆ ಅಂತ ಗೊತ್ತು. ಯೆಹೂದಿ ಅಂದರೆ ದುಡ್ಡು ಅನ್ನುವವರ ಬಾಯಿಗೆ ಸುಮ್ನೆ ಯಾಕೆ ಬೀಳಬೇಕು ಅಂತ, ಅಲ್ವಾ? ಮುಚ್ಚಿಟ್ಟರೆ ನೀನೂ ಅವರ ಲೆಕ್ಕವನ್ನೇ ಒಪ್ಪಿದ ಹಾಗೆ. ನೊಂದವನು ಸಂತನಾಗಿದ್ದರೆ ಮಾತ್ರ ಮರ್ಯಾದೆ ಅಂದ ಹಾಗೆ. ಆ ವ್ಯವಹಾರದಲ್ಲಿ ಯೆಹೂದಿಗಳಲ್ಲದವರೂ ಇದ್ದರು, ಬ್ಯಾಂಕುಗಳೂ ಇದ್ದವು. ಅವರ ಧರ್ಮ ಯಾರು ಕೇಳಿದರು?

ಇದನ್ನು ಬರೆದಿದ್ದರೆ 1985ರ ಗಲಾಟೆ ತಾನಾಗಿ ಅರ್ಥವಾಗುತ್ತಿತ್ತು. ಜರ್ಮನ್ ಸಿನಿಮಾ ನಿರ್ದೇಶಕ, ನಾಟಕಕಾರ ಫಾಸ್‌ಬಿಂಡರ್ ಬರೆದ, ಫ್ರಾಂಕ್‌ಫರ್ಟಿನಲ್ಲಿ ಆಡಲಿದ್ದ ನಾಟಕದಲ್ಲಿ ಒಬ್ಬ ಭೂಮಿ ವ್ಯಾಪಾರಿ. ಅವನಿಗೆ ಹೆಸರೂ ಇಲ್ಲ, ಬರೀ ಶ್ರೀಮಂತ ಯೆಹೂದಿ. ಮೊದಲ ಪ್ರದರ್ಶನದ ರಾತ್ರಿ ಬೂಬಿಸ್ ಮತ್ತು ಸಂಗಡಿಗರು ವೇದಿಕೆ ಹತ್ತಿ ಬ್ಯಾನರ್ ಹಿಡಿದು ನಿಂತರು: ಅನುದಾನ ಕೊಟ್ಟು ಬೆಳೆಸಿದ ಯೆಹೂದಿ ದ್ವೇಷ. ಪ್ರದರ್ಶನ ನಡೆಯಲೇ ಇಲ್ಲ. ನಾಟಕ ನಿಲ್ಲಿಸುವುದನ್ನು ನಾನು ಒಪ್ಪುವವನಲ್ಲ. ಆದರೂ ಅಲ್ಲಿ ನಿಂತವರ ಸಿಟ್ಟು ಸುಳ್ಳು ಅನ್ನಲಾರೆ. ಈ ಇಕ್ಕಟ್ಟನ್ನು ನೀನು ಬರೆಯಬೇಕಿತ್ತು.

ಹಿಂದೆ ನಾನು ಒಬ್ಬ ಕಾರ್ಮಿಕ ಮುಖಂಡರ ಬಗ್ಗೆ ಬರೆದಿದ್ದೆ. ಅವರ ಇಸ್ಪೀಟಿನ ಹುಚ್ಚಿನ ಸಾಲುಗಳನ್ನೆಲ್ಲ ಸಂಪಾದಕರು ಹೊಡೆದುಹಾಕಿದರು. ಅಚ್ಚಾದದ್ದನ್ನು ಓದಿ ಆ ಮುಖಂಡರೇ "ಇದ್ಯಾರಪ್ಪ, ಯಾವಾಗ ಸತ್ತ?" ಅಂದರು. ಸಂಪಾದಕರ ಮೇಲೆ ಇವತ್ತಿಗೂ ನನಗೆ ಸಿಟ್ಟಿದೆ.

ಕೊನೆಯಂತೂ ಬೇಡವೇ ಬೇಡ. 1998ರ ಡಿಸೆಂಬರಿನಲ್ಲಿ ಬೂಬಿಸ್, ವಾಲ್ಸರ್ ಇಬ್ಬರೂ ಎದುರುಬದುರು ಕೂತರು, ಆ ಭಾಷಣದಿಂದ ವಾಲ್ಸರ್ ಬೆಂಕಿ ಹಚ್ಚಿದರು ಎಂದಿದ್ದ ಮಾತನ್ನು ಬೂಬಿಸ್ ವಾಪಸ್ ತೆಗೆದುಕೊಂಡರು. ನೀನು ಅಲ್ಲಿಗೇ ಶುಭಂ ಹಾಡಿದ್ದೀಯ. ಮುಂದಿನ ಜುಲೈನಲ್ಲಿ ಬೂಬಿಸ್ ಸಂದರ್ಶನವೊಂದರಲ್ಲಿ, ತನ್ನಿಂದ ಹೆಚ್ಚುಕಡಿಮೆ ಏನೂ ಸಾಧನೆಯಾಗಲಿಲ್ಲ ಅಂದರು. ಆಗಸ್ಟ್ 13ಕ್ಕೆ ತೀರಿಕೊಂಡರು. ಹಿಂದಿನ ಅಧ್ಯಕ್ಷ ಗಾಲಿನ್ಸ್ಕಿ ಅವರ ಬರ್ಲಿನ್ ಸಮಾಧಿಗೆ ಬಾಂಬ್ ಇಟ್ಟಿದ್ದರು. ತನ್ನದಕ್ಕೂ ಹಾಗಾಗಬಾರದು ಎಂದು ಇಸ್ರೇಲಿನಲ್ಲಿ ಮಣ್ಣು ಮಾಡಲು ಹೇಳಿದ್ದರು. ತನ್ನನ್ನು ಜರ್ಮನ್ ಪ್ರಜೆ ಎಂದು ಹೇಳಿಕೊಂಡವರು.

ಮತ್ತೆ ಬರೆದು ಕಳಿಸು. ದೀಪಾವಳಿಗೆ ಮುಂಚೆ ಆದರೆ ಒಳ್ಳೆಯದು. ಆಮೇಲೆ ನನ್ನ ಕಣ್ಣಿನ ಆಪರೇಷನ್ ಇದೆ.

ನಿನ್ನ ಅಣ್ಣ