ಕಿತ್ತಳೆ ಬಣ್ಣದ ತೂತು ತೋರಿಸಿಕೊಟ್ಟ ಅಣ್ಣನಿಗೆ

ಹೋದ ಶನಿವಾರ ಸಂಜೆ ಹಾಸನದ ಬಿ.ಎಂ. ರಸ್ತೆಯ ಅಂಗಡಿಯೊಂದರಲ್ಲಿ ಹೆಲ್ಮೆಟ್ ಹಿಡಿದು ನನ್ನ ಪಕ್ಕ ನಿಂತಿದ್ದ ಅಣ್ಣನಿಗೆ ಈ ನಾಲ್ಕು ಮಾತು. ಹೆಸರು ಕೇಳೋದೇ ಮರೆತೆ.

ಡಿವಿಡಿ ಪ್ಲೇಯರ್‌ನಿಂದ ಹೋಮ್ ಥಿಯೇಟರ್‌ಗೆ ಕೆಂಪು-ಬಿಳಿ ವೈರು ಚುಚ್ಚಿದ್ದೀನಿ, ಹಿಂದಿನ ಎರಡು ಸ್ಪೀಕರ್ ಬಾಯೇ ಬಿಡ್ತಿಲ್ಲ ಅಂತ ಗೋಳಾಡ್ತಿದ್ದೆ. ಅಂಗಡಿಯವರು ಆಗಲೇ ಹೊಸ ಸೆಟ್ ತೋರಿಸೋಕೆ ಶುರು ಮಾಡಿದ್ರು. ನೀವು ನನ್ನ ಮೊಬೈಲಿನಲ್ಲಿದ್ದ ಪ್ಲೇಯರ್ ಹಿಂಬದಿಯ ಫೋಟೊ ದೊಡ್ಡದು ಮಾಡಿ, "ಆ ಜೋಡಿ ವೈರಲ್ಲಿ ಬರೋದು ಎರಡೇ ಚಾನೆಲ್ ಸಾರ್. ಈ ಕಿತ್ತಳೆ ತೂತು ನೋಡಿ, ಕೋಯಾಕ್ಸಿಯಲ್, ಡಿಜಿಟಲ್ ಸದ್ದು ಹೊರಬರೋ ಜಾಗ. 5.1, ಅಂದ್ರೆ ಐದು ಸ್ಪೀಕರ್ ಮತ್ತೆ ಒಂದು ಸಬ್‌ವೂಫರ್‌ನ ಸದ್ದು, ಪೂರ್ತಿ ಇದೊಂದರಲ್ಲೇ ಹೋಗುತ್ತೆ" ಅಂದ್ರಿ. ಮನೇಲಿರೋ ಹಳದಿ ತುದಿಯ ವಿಡಿಯೊ ವೈರೇ ಸಾಕು ಅಂದಿದ್ದಕ್ಕೆ ದುಡ್ಡೂ ಉಳೀತು.

ಮನೆಗೆ ಬಂದು ಹಾಕಿದೆ, ಆದ್ರೂ ಹಿಂದೆ ಸದ್ದಿಲ್ಲ. ಆಗ ನೆನಪಾಯ್ತು, ಬೈಕ್ ಸ್ಟಾರ್ಟ್ ಮಾಡ್ತಾ ನೀವು ಕೂಗಿದ್ದು: "ಪಿಸಿಎಂ ತೆಗೆದು ಬಿಟ್‌ಸ್ಟ್ರೀಮ್ ಇಡಿ!" ಅಂದ್ರೆ ಪ್ಲೇಯರ್ ಸದ್ದನ್ನ ತಾನೇ ಬಿಡಿಸಿ ಎರಡು ಚಾನೆಲ್ ಮಾಡದೆ, ಡಿಸ್ಕ್‌ನಲ್ಲಿ ಇದ್ದ ಹಾಗೇ ಹೋಮ್ ಥಿಯೇಟರ್‌ಗೆ ಕಳಿಸೋ ಸೆಟ್ಟಿಂಗ್. ನನ್ನ ಪ್ಲೇಯರ್‌ನಲ್ಲಿ ಬಿಟ್‌ಸ್ಟ್ರೀಮ್‌ಗೆ 'ರಾ' ಅಂತ ಹೆಸರು, ಹುಡುಕೋಕೆ ಹತ್ತು ನಿಮಿಷ ಹಿಡೀತು. ಸಿನಿಮಾದ ಮಳೆ ಬೆನ್ನ ಹಿಂದೆ ಸುರಿದಾಗ ಅಮ್ಮ ಹಿತ್ತಲಲ್ಲಿ ಒಣಹಾಕಿದ ಬಟ್ಟೆ ತೆಗೆಯೋಕೆ ಎದ್ದೇಬಿಟ್ರು.

ಆ ಕಡೆ ಮತ್ತೆ ಸಿಕ್ಕರೆ ಕಾಫಿ ನನ್ನದು, ಅಣ್ಣ.