100 ಸಿಸಿ ಗಾಡಿಗೂ 650ಕ್ಕೂ ಒಂದೇ ಲೈಸೆನ್ಸಾ?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬ ತಾಯಿ ಬರೆದ ಪತ್ರ ಓದಿದೆ. ಕಲಬುರಗಿಯಲ್ಲಿ ದೊಡ್ಡ ಬೈಕುಗಳ ಹಾವಳಿ ಜಾಸ್ತಿಯಾಗಿದೆ, ರಾತ್ರಿ ಹನ್ನೊಂದಕ್ಕೆ ರಿಂಗ್ ರೋಡಿನಲ್ಲಿ ಪಟಾಕಿ ಹೊಡೆದಂತೆ ಸದ್ದು ಮಾಡುತ್ತಾ ಹೋಗುತ್ತಾರೆ, ಇಂಥ ಗಾಡಿ ಮಾರುವುದನ್ನೇ ನಿಲ್ಲಿಸಬೇಕು ಎಂದು ಬರೆದಿದ್ದರು. ಅವರ ಸಿಟ್ಟು ಸುಳ್ಳಲ್ಲ. ಆದರೆ ನಮ್ಮ ಮನೆ ಅಂಗಳದಲ್ಲೇ ಅಂಥ ಗಾಡಿ ಎರಡು ನಿಂತಿವೆ. ಹಾಗಾಗಿ ಆರೋಪಿ ಕಡೆಯಿಂದಲೂ ಒಂದು ಪತ್ರ ಇರಲಿ.

ನಾನು ಇಲ್ಲಿನ ದಾಲ್‌ಮಿಲ್ ಒಂದರಲ್ಲಿ ಲೆಕ್ಕ ಬರೆಯುವವನು. ವಯಸ್ಸು 59. ನನ್ನದು 1986ರ ಬುಲೆಟ್ 350. ಶಹಾಬಾದಿನ ಫರಸಿ ಕಲ್ಲಿನ ಗುತ್ತಿಗೆದಾರರೊಬ್ಬರಿಂದ 1991ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಊರಿನ ಹೆಸರು 2014ರಲ್ಲಿ ಕಲಬುರಗಿ ಆಯಿತು, ನನ್ನ ಹಳೇ ಆರ್‌ಸಿ ಬುಕ್ಕಿನಲ್ಲಿ ಮಾತ್ರ ಇನ್ನೂ ಗುಲ್ಬರ್ಗ. ಎರಡನೆಯದು ಮಗನ 650 ಸಿಸಿ ಬೈಕು. ಎರಡು ಸಿಲಿಂಡರ್, 47 ಹಾರ್ಸ್‌ಪವರ್, ತೂಕ ಎರಡು ಕ್ವಿಂಟಲ್ ಮೇಲೆ. ತೊಗರಿ ಲೆಕ್ಕದಲ್ಲಿ ಹೇಳುವುದಾದರೆ 50 ಕಿಲೋ ಚೀಲ ನಾಲ್ಕಕ್ಕಿಂತ ಜಾಸ್ತಿ. ನನ್ನ ಬುಲೆಟ್‌ನದ್ದು 18 ಹಾರ್ಸ್‌ಪವರ್ ಅಷ್ಟೆ. ಆದರೂ ತೊಂಬತ್ತರ ದಶಕದಲ್ಲಿ ನಮ್ಮ ಗಲ್ಲಿಯಲ್ಲಿ ಅದೇ ರಾಜ. ಹಿರಿಯರು ಅದನ್ನು ಫಟಫಟಿ ಅನ್ನುತ್ತಿದ್ದರು. ಆ ಹೆಸರು ಅದಕ್ಕೆ ಒಪ್ಪುತ್ತಿತ್ತು.

ಈಗಿನ ಹುಡುಗರಿಗೆ ಗುಂಡಿ ಒತ್ತಿದರೆ ಗಾಡಿ ಚಾಲು. ನನ್ನದಕ್ಕೆ ಒಂದು ಪೂಜಾ ವಿಧಾನವೇ ಇದೆ. ಪೆಟ್ರೋಲ್ ಟ್ಯಾಂಕ್ ಕೆಳಗಿನ ನಲ್ಲಿ ತಿರುಗಿಸಬೇಕು. ಕೀಲಿ ಹಾಕಿ, ಹೆಡ್‌ಲೈಟ್ ಮೇಲೆ ಬ್ಯಾಟರಿ ಕರೆಂಟ್ ತೋರಿಸುವ ಸಣ್ಣ ಆಂಪ್ ಮೀಟರ್ ನೋಡುತ್ತಾ ಕಿಕ್ಕನ್ನು ಮೆಲ್ಲಗೆ ಒತ್ತಬೇಕು. ಮುಳ್ಳು ನಡುವಿಗೆ ಬಂದು ನಿಂತ ಕೂಡಲೇ ಸಿಲಿಂಡರ್ ಒಳಗಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಹಿಡಿದು ಇನ್ನೊಂದು ಚೂರು ಒತ್ತಬೇಕು. ಲಿವರ್ ಬಿಟ್ಟು, ಕಿಕ್ಕನ್ನು ಮೇಲಕ್ಕೆ ತಂದು, ಆಮೇಲೆ ಪೂರ್ತಿ ಮೈಭಾರ ಹಾಕಿ ಒಂದೇ ಒದೆ. ಡಗ್... ಡಗ್... ಡಗ್. ಮುಳ್ಳು ನೋಡದೆ ಅವಸರ ಮಾಡಿದರೆ ಕಿಕ್ ವಾಪಸ್ ಒದೆಯುತ್ತದೆ. 1993ರಲ್ಲಿ ಹಾಗೆ ಒದೆಸಿಕೊಂಡು ಹದಿನೈದು ದಿನ ಕುಂಟಿದ್ದೇನೆ. ಆ ದಿನ ಮಾವನ ಮನೆಗೆ ಹೊರಟಿದ್ದೆ ಎಂಬುದು ಬೇರೆ ಮಾತು.

ಆ ಸದ್ದಿಗೆ ಕಾರಣವೂ ಇದೆ. ಆ ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಅಗಲ, 70 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ಉದ್ದ, 90 ಮಿ.ಮೀ. ಪಿಸ್ಟನ್ ಉದ್ದಕ್ಕೆ ಓಡಾಡಬೇಕು, ಅದರ ಜೊತೆ ತಿರುಗುವ ಫ್ಲೈವೀಲ್ ಚಕ್ರವೂ ಭಾರ. ಹಾಗಾಗಿ ಆರಾಮಾಗಿ, ಒಂದೊಂದೇ ಏಟು ಎಣಿಸಬಹುದಾದಂತೆ ಬಡಿಯುತ್ತದೆ. ಇದಕ್ಕೆ ಸೈಲೆನ್ಸರ್ ಕೊರೆಯಬೇಕಾಗಿಲ್ಲ. ಈ ಮಾತನ್ನು ನಾನು ಸ್ವಲ್ಪ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. 27ನೇ ವಯಸ್ಸಿನಲ್ಲಿ ಸೈಲೆನ್ಸರ್ ಒಳಗಿನ ಜಾಳಿಗೆ ಕಿತ್ತು ಓಡಿಸಿದವನು ನಾನೇ. ಎದುರು ಮನೆ ಕಾಕಾ ಬೈದು ಬೈದು ಸಾಕಾಗಿ, ಕೊನೆಗೆ ನಾನು ಬರುವ ಹೊತ್ತಿಗೆ ಕಿಟಕಿ ಮುಚ್ಚುತ್ತಿದ್ದರು. 175 ಸಿಸಿ ಮೀರಿದ ಬೈಕಿಗೆ 80 ಡೆಸಿಬಲ್ ಮಿತಿ ಇದೆ. ಶೋರೂಮಿನಿಂದ ಬಂದ ಹಾಗೇ ಇಟ್ಟ ದೊಡ್ಡ ಗಾಡಿ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಮಗನ 650 ಅಂಗಳದಿಂದ ಹೊರಟದ್ದು ಒಮ್ಮೊಮ್ಮೆ ನನಗೇ ಗೊತ್ತಾಗುವುದಿಲ್ಲ. ಸದ್ದು ಮಾಡುವುದು ಆಮೇಲೆ ಹಾಕಿಸಿದ ಪೈಪು. ಅದನ್ನು ಕಿತ್ತು ರೋಡ್ ರೋಲರ್ ಹತ್ತಿಸಲಿ, ನಾನೇ ಬಂದು ಚಪ್ಪಾಳೆ ಹೊಡೆಯುತ್ತೇನೆ.

ಇನ್ನು ಖರ್ಚಿನ ಮಾತು. ಲೆಕ್ಕ ಬರೆಯುವವನಿಗೆ ಅದೊಂದು ಚಟ. ಎರಡೂ ಗಾಡಿಗೆ ಬೇರೆ ಬೇರೆ ವಹಿ ಇಟ್ಟಿದ್ದೇನೆ. ಹೋದ ವರ್ಷ ಬುಲೆಟ್‌ಗೆ ಪಾಯಿಂಟ್, ಕಂಡೆನ್ಸರ್, ಕ್ಲಚ್ ಪ್ಲೇಟ್, ಮಿಸ್ತ್ರಿ ಕೂಲಿ ಎಲ್ಲಾ ಸೇರಿ 4,850 ರೂಪಾಯಿ. ಮಗನ ಗಾಡಿಯ ಹಿಂದಿನ ಟೈರ್ ಒಂದಕ್ಕೇ ಅದಕ್ಕಿಂತ ಜಾಸ್ತಿ ಹೋಯಿತು. 2022ರಲ್ಲಿ ಸರ್ಕಾರ ಗೊತ್ತು ಮಾಡಿದ ದರದಂತೆ ಥರ್ಡ್ ಪಾರ್ಟಿ ವಿಮೆ ನನ್ನದಕ್ಕೆ ವರ್ಷಕ್ಕೆ 1,366, 350 ಸಿಸಿ ಮೀರಿದ್ದಕ್ಕೆ 2,804. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯಲ್ಲೂ ಹಾಗೇ ಆಯಿತು. 350 ಸಿಸಿವರೆಗಿನ ಬೈಕಿಗೆ ಶೇಕಡಾ 28ರಿಂದ 18ಕ್ಕೆ ಇಳಿಯಿತು, ಅದರ ಮೇಲಿನದ್ದಕ್ಕೆ ಸೆಸ್ ಸೇರಿ 31 ಇದ್ದದ್ದು 40ಕ್ಕೆ ಏರಿತು. ಮಗ ಅದಕ್ಕೆ ಮೊದಲೇ ತಗೊಂಡಿದ್ದ. ಈಗ ದಿನಾ ಅದನ್ನೇ ಹೇಳಿಕೊಂಡು ತಿರುಗುತ್ತಾನೆ, ತಾನೇ ದುಡ್ಡು ಉಳಿಸಿದ ಹಾಗೆ.

ಹಳೇ ಗಾಡಿ ಅಗ್ಗ ಅಂತ ಯಾರೂ ಮೋಸ ಹೋಗಬೇಡಿ. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ಮರುನೋಂದಣಿ. ನಾನು ಐದು ಸಲ ಮಾಡಿಸಿದ್ದೇನೆ. 300 ರೂಪಾಯಿ ಇದ್ದ ಫೀ 2022ರ ಏಪ್ರಿಲ್‌ನಲ್ಲಿ 1,000 ಆಯಿತು. ದುಡ್ಡಿಗಿಂತ ಅವತ್ತಿನ ರಜೆ ದೊಡ್ಡ ಖರ್ಚು. ಈಗ ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ನಲ್ಲಿಯ ರಬ್ಬರ್ ಉಬ್ಬಿ ಸೋರತೊಡಗಿತು. ಮೊದಲೇ ಎಂಜಿನ್ ಕೆಳಗೆ ಆಯಿಲ್ ಹನಿಗೆ ಹಳೇ ತಟ್ಟೆ ಇಡುತ್ತೇನೆ. ನಮ್ಮ ಮಿಸ್ತ್ರಿ ಮಾಮು ನಕ್ಕು, "ಗಾಡಿಗಿ ವಯಸ್ಸಾಗ್ಯದ ಸಾವ್ಕಾರ. ಆಯಿಲ್ ಸೋರಲತ್ತದ ಅಂದ್ರ ಒಳಗ ಆಯಿಲ್ ಅದ ಅಂತ ಖುಷಿ ಪಡ್ರಿ" ಅಂದ. ಆದರೆ ಮಾಮು ಅದೇ ದಿನ ಸಂಜೆಗೆ ಗಾಡಿ ಓಡಿಸಿ ಕೊಟ್ಟ. ಮಗನ ಗಾಡಿಗೆ ಒಂದು ಸೆನ್ಸರ್ ಬೇಕಾದಾಗ ಹೊರಗಿನಿಂದ ಬರಬೇಕು ಅಂತ 19 ದಿನ ಕಾಯಿಸಿದರು. ಅಷ್ಟೂ ದಿನ ಅವನು ನನ್ನ ಬುಲೆಟ್ ಒದ್ದುಕೊಂಡು ಆಫೀಸಿಗೆ ಹೋದ. ನನಗೆ ಒಳಗೊಳಗೇ ಖುಷಿ.

ಬೇಸಿಗೆಯಲ್ಲಿ ಎರಡೂ ಬೇಡ. ಮೇ ತಿಂಗಳಲ್ಲಿ ಜಗತ್ ಸರ್ಕಲ್ ಸಿಗ್ನಲ್‌ನಲ್ಲಿ ಎರಡು ಸಿಲಿಂಡರ್ ನಡುವೆ ಕೂತು ನೋಡಿ. ಮೇಲೆ 42 ಡಿಗ್ರಿ, ಕೆಳಗೆ ರೊಟ್ಟಿ ಹಂಚು.

ಹಾಗಾದರೆ ಯಾಕೆ ಬೇಕು ಅಂತೀರಾ? ಡಿಸೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ ಐದೂವರೆಗೆ ಎದ್ದು ಅಪ್ಪ ಮಗ ಇಬ್ಬರೂ ಶಹಾಬಾದ್, ವಾಡಿ ದಾಟಿ ಸನ್ನತಿಗೆ ಹೋದೆವು. ರಸ್ತೆಯ ಎರಡೂ ಬದಿ ಒಣಗಲು ಬಂದ ತೊಗರಿ, ಮೇಲೆ ಮಂಜು. ಲಾರಿ ಓಡಾಟ ಶುರುವಾಗಿರಲಿಲ್ಲ, ಹಾಗಾಗಿ ಸಿಮೆಂಟಿನ ಧೂಳೂ ಇರಲಿಲ್ಲ. ನಾನು ಗಂಟೆಗೆ 55ರಲ್ಲಿ ಡಗ್ ಡಗ್ ಅಂತ ಹೋಗುತ್ತಿದ್ದೆ. ಅವನ ಗಾಡಿಗೆ ಆ ವೇಗ ನಡೆದ ಹಾಗೆ. ಆದರೂ ಪಕ್ಕದಲ್ಲೇ ಬಂದ. ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದ ಹತ್ತಿರ ನಿಲ್ಲಿಸಿ, ರಾಣಿಯ ಜೊತೆ ನಿಂತ ಅಶೋಕನ ಶಿಲ್ಪದ ಸುದ್ದಿ ಹೇಳಿದೆ. 'ರಾಯ ಅಸೋಕೋ' ಅಂತ ಬ್ರಾಹ್ಮಿ ಲಿಪಿಯಲ್ಲಿ ಹೆಸರು ಕೊರೆದ ಶಿಲ್ಪ ಸಿಕ್ಕಿದ್ದು ಅಲ್ಲೇ. ಸನ್ನತಿಯ ಕಾಳಿ ಗುಡಿಯ ಚಾವಣಿ ಕುಸಿದು ಅಶೋಕನ ಶಾಸನ ಹೊರಬಿದ್ದದ್ದು 1986ರಲ್ಲಿ, ಅಂದರೆ ನನ್ನ ಬುಲೆಟ್ ಹುಟ್ಟಿದ ವರ್ಷ. ಮಗ ಶಾಸನಕ್ಕಿಂತ ಜಾಸ್ತಿ ನನ್ನ ಗಾಡಿಯನ್ನೇ ನೋಡಿದ. ಬರುವಾಗ ಗಾಡಿ ಅದಲು ಬದಲು ಮಾಡಿಕೊಂಡೆವು. ಖಾಲಿ ರಸ್ತೆಯಲ್ಲಿ ಆ 650ರ ಎಕ್ಸಲೇಟರ್ ಸ್ವಲ್ಪ ತಿರುವಿದೆ ನೋಡಿ, ಹೊಟ್ಟೆ ಹಿಂದೆ ಉಳಿದು ನಾನು ಮುಂದೆ ಹೋದ ಹಾಗಾಯಿತು. ಹೆಲ್ಮೆಟ್ ಒಳಗೆ ಒಬ್ಬನೇ ನಕ್ಕೆ. ಮಗನಿಗೆ ಹೇಳಲಿಲ್ಲ.

ಆ ನಗು ಒಂದು ತಿಂಗಳೂ ಉಳಿಯಲಿಲ್ಲ. ಜನವರಿಯಲ್ಲಿ ಅಫಜಲಪುರದ ಕಡೆಯಿಂದ ಸಂಜೆ ಒಬ್ಬನೇ ಅವನ ಗಾಡಿಯಲ್ಲೇ ಬರುತ್ತಿದ್ದೆ. ಕತ್ತಲಾಗುತ್ತಿತ್ತು. ಎದುರಿಂದ ಬಸ್ಸಿನ ಲೈಟು ಕಣ್ಣಿಗೆ ಹೊಡೆಯಿತು. ಲೈಟು ದಾಟಿದ ಮೇಲೆ ನೋಡಿದರೆ ಮುಂದೆ ಕಬ್ಬು ತುಂಬಿದ ಡಬಲ್ ಟ್ರಾಲಿ ಟ್ರ್ಯಾಕ್ಟರ್. ಹಿಂದೆ ಒಂದು ಕೆಂಪು ದೀಪವೂ ಇಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ನನ್ನ ಎಡಗಾಲು ತಾನಾಗಿಯೇ ಜೋರಾಗಿ ಒತ್ತಿತು. ಹಳೇ ಬುಲೆಟ್‌ನಲ್ಲಿ ಎಡಗಾಲಿಗೆ ಬ್ರೇಕು, ಬಲಗಾಲಿಗೆ ಗೇರು. ಈಗಿನ ಗಾಡಿಗಳಲ್ಲಿ ಉಲ್ಟಾ. ಮೂವತ್ತೈದು ವರ್ಷ ಎಡಗಾಲಲ್ಲಿ ಬ್ರೇಕ್ ಹಿಡಿದವನ ಕಾಲಿಗೆ ಬುದ್ಧಿ ಹೇಳುವವರು ಯಾರು? ಬ್ರೇಕ್ ಬೀಳಲಿಲ್ಲ, ಗೇರ್ ಒಂದು ಕೆಳಗೆ ಬಿತ್ತು. ಎಂಜಿನ್ ಕಿರುಚಿತು. ಬಲಗೈ ಮಾತ್ರ ಮುಂದಿನ ಬ್ರೇಕ್ ಹಿಡಿದಿತ್ತು, ಅದೊಂದು ಎರಡೂ ಗಾಡಿಯಲ್ಲಿ ಒಂದೇ ಕಡೆ ಇದೆ. ಬ್ರೇಕ್ ಹಾಕಿದಾಗ ಗಾಲಿ ಜಾಮ್ ಆಗಿ ಜಾರದಂತೆ ತಡೆಯುವ ಎಬಿಎಸ್‌ನಿಂದ ಲಿವರ್ ಬೆರಳಿನ ಕೆಳಗೆ ಟರಟರ ನಡುಗಿತು. ಗಾಡಿ ನಿಂತಾಗ ಕಬ್ಬಿನ ಗರಿ ಹೆಲ್ಮೆಟ್ ಗಾಜಿಗೆ ತಾಗುತ್ತಿತ್ತು. ಟ್ರ್ಯಾಕ್ಟರ್‌ನವನಿಗೆ ಏನೂ ಗೊತ್ತಾಗಲಿಲ್ಲ. ಹಾಡು ಹಾಕಿಕೊಂಡು ಮುಂದೆ ಹೋದ. ನಾನು ರಸ್ತೆ ಪಕ್ಕ ಗಾಡಿ ನಿಲ್ಲಿಸಿ ಎಷ್ಟೋ ಹೊತ್ತು ಕೂತೆ.

ನನ್ನ ಬುಲೆಟ್‌ನ ಡ್ರಮ್ ಬ್ರೇಕ್ ಆಗಿದ್ದರೆ ಈ ಪತ್ರ ಬರೆಯಲು ನಾನಿರುತ್ತಿರಲಿಲ್ಲ. ಆದರೆ ಬುಲೆಟ್ ಆಗಿದ್ದರೆ ಅಷ್ಟು ವೇಗದಲ್ಲೂ ಇರುತ್ತಿರಲಿಲ್ಲ. ಎರಡೂ ನಿಜ. 125 ಸಿಸಿ ಮೀರಿದ ಎಲ್ಲ ಹೊಸ ಬೈಕಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾದದ್ದು ಒಳ್ಳೆಯ ಕೆಲಸ. ನಮ್ಮ ಕಾಲದಲ್ಲಿ ಹಾಗಿರಲಿಲ್ಲ. 1983ರಲ್ಲಿ ರಾಜದೂತ್ 350 ಬಂತು. ಟೂ ಸ್ಟ್ರೋಕ್, ಎರಡು ಸಿಲಿಂಡರ್, 30 ಹಾರ್ಸ್‌ಪವರ್. ಹೊರದೇಶದಲ್ಲಿ ಅದೇ ಗಾಡಿಗೆ ಮುಂದೆ ಡಿಸ್ಕ್ ಬ್ರೇಕ್ ಇತ್ತು, ನಮಗೆ ಡ್ರಮ್ ಕೊಟ್ಟರು. ಅದನ್ನು ಓಡಿಸಲು ಗುಂಡಿಗೆ ಬೇಕು ಅನ್ನುತ್ತಿದ್ದರು. ಬ್ರೇಕೇ ಬೇಕಾಗಿತ್ತು.

ಎಬಿಎಸ್ ಇದ್ದರೂ ನಮ್ಮ ಕಡೆ ಎರಡು ಜಾಗದಲ್ಲಿ ಅದು ಪೂರ್ತಿ ಕೈ ಹಿಡಿಯುವುದಿಲ್ಲ. ಸುಗ್ಗಿಯಲ್ಲಿ ರಾಶಿ ಮಾಡಲು ರಸ್ತೆ ಮೇಲೇ ಕಣಿಕೆ ಹಾಸುತ್ತಾರೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿ ಹೊಲದ ಎರಿ ಮಣ್ಣನ್ನು ಡಾಂಬರಿಗೆ ಮೆತ್ತುತ್ತದೆ. ಅದರ ಮೇಲೆ ಎರಡು ಕ್ವಿಂಟಲ್ ಗಾಡಿ ಸೋಪಿನ ಮೇಲೆ ಕಾಲಿಟ್ಟಂತೆ.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. ನನ್ನ ಮಗ ಲೈಸೆನ್ಸ್ ತೆಗೆದುಕೊಂಡದ್ದು ಪಕ್ಕದ ಮನೆಯವರ 100 ಸಿಸಿ ಗಾಡಿಯಲ್ಲಿ. ಕಾಲು ಊರದೆ ಎಂಟು ಹಾಕಿ ತೋರಿಸಿದ, ಪಾಸಾದ. ಅದೇ ಕಾರ್ಡಿನ ಮೇಲೆ ಅವನು 650 ಓಡಿಸಬಹುದು, ದುಡ್ಡಿದ್ದರೆ 1,000 ಸಿಸಿಯನ್ನೂ ಓಡಿಸಬಹುದು. ನಮ್ಮ ಕಾನೂನಿನಲ್ಲಿ ಗೇರ್ ಇರುವ ಮೋಟಾರ್ ಸೈಕಲ್ ಎಲ್ಲಾ ಒಂದೇ. ಯುರೋಪಿನಲ್ಲಿ ಮೊದಲು 125 ಸಿಸಿವರೆಗಿನ ಲೈಸೆನ್ಸ್, ಆಮೇಲೆ 35 ಕಿಲೋವಾಟ್‌ವರೆಗೆ, ಅದಾದ ಮೇಲೆ ದೊಡ್ಡದು ಅಂತ ಮೆಟ್ಟಿಲು ಇಟ್ಟಿದ್ದಾರೆ. 35 ಕಿಲೋವಾಟ್ ಅಂದರೆ ಸುಮಾರು 47 ಹಾರ್ಸ್‌ಪವರ್. ಅಂದರೆ ನನ್ನ ಮಗನ ಗಾಡಿ ಅಲ್ಲಿ ನಡುವಿನ ಮೆಟ್ಟಿಲ ಕೊನೆಗೆ ಬಂದು ನಿಲ್ಲುತ್ತದೆ. ಇಲ್ಲಿ 18 ತುಂಬಿದ ಹುಡುಗ ಕಂತಿನ ಮೇಲೆ ಅದನ್ನೇ ಮೊದಲ ಗಾಡಿಯಾಗಿ ತಗೊಂಡು ಸೇಡಂ ರೋಡಿಗೆ ಇಳಿಯಬಹುದು. ಗಾಡಿ ಕೊಡುವ ದಿನ ಹಾರ ಹಾಕಿ, ಕೇಕ್ ಕತ್ತರಿಸಿ ಫೋಟೊ ತೆಗೆದರು. ಬ್ರೇಕ್ ಹೇಗೆ ಹಿಡಿಯಬೇಕು ಅಂತ ಒಂದು ಮಾತು ಹೇಳಲಿಲ್ಲ.

ಕಾನೂನು ಬದಲಾಯಿಸುವುದು ದಿಲ್ಲಿಯ ಕೆಲಸ, ನನಗೆ ಗೊತ್ತು. ಅಲ್ಲಿಯವರೆಗೆ ಮಾರುವವರು ಅರ್ಧ ದಿನ ಕಲಿಸಿ ಗಾಡಿ ಕೊಡಲಿ. ಊರಲ್ಲಿ ಒಂದು ಖಾಲಿ ಜಾಗ ಅದಕ್ಕೆ ಮೀಸಲಿಡಲಿ. ಈ ವಿಷಯ ನೀವು ಪತ್ರಿಕೆಯಲ್ಲಿ ಎತ್ತಬೇಕು ಎಂದು ಕೇಳಿಕೊಳ್ಳುತ್ತೇನೆ. ಆ ತಾಯಿಯವರಿಗೂ ಇದನ್ನೇ ಹೇಳಬೇಕಿತ್ತು. ಗಾಡಿ ನಿಲ್ಲಿಸಿದರೆ ಹುಡುಗರು ಹೈದರಾಬಾದಿಗೆ ಹೋಗಿ ತರುತ್ತಾರೆ, ಅಷ್ಟೆ.

ಟ್ರ್ಯಾಕ್ಟರ್ ಸುದ್ದಿಯನ್ನು ನಾನು ನಾಲ್ಕು ದಿನ ಮನೆಯಲ್ಲಿ ಹೇಳಲಿಲ್ಲ. ಐದನೇ ದಿನ 650ರ ಟ್ಯಾಂಕ್ ಮೇಲೆ 'ಬಲಗಾಲು ಬ್ರೇಕ್' ಅಂತ ಕೆಂಪು ಚೀಟಿ ಅಂಟಿಸುವಾಗ ಮಗ ನೋಡಿಬಿಟ್ಟ. "ಯಾಕಪ್ಪಾ, ಏನಾಯ್ತು?" ಅಂದ. ಹೇಳಿದೆ. ಆಮೇಲೆ ಒಳಗಿನಿಂದ ನಮ್ಮ ಮನೆಯವರು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಅವರಿಗೆ ಆ 650ರ ಸೀಟು ಎತ್ತರ, ಹತ್ತುವುದೂ ಇಲ್ಲ. ಗುಡಿಗೆ ಹೋಗುವುದಿದ್ದರೆ ಬುಲೆಟ್ಟೇ ಆಗಬೇಕು.

ಆ ವಾರದಿಂದ ಭಾನುವಾರ ಬೆಳಿಗ್ಗೆ ಆರರಿಂದ ಏಳರವರೆಗೆ ನಮ್ಮ ಬಡಾವಣೆ ಹಿಂದಿನ ಖಾಲಿ ಜಾಗದಲ್ಲಿ ಸುಣ್ಣದ ಗೆರೆ ಹಾಕಿ, ಹಳೇ ಎಣ್ಣೆ ಡಬ್ಬ ಇಟ್ಟು ಅಪ್ಪ ಮಗ ಬ್ರೇಕ್ ಕಲಿಯುತ್ತಿದ್ದೇವೆ. ಮುಂದಿನ ಬ್ರೇಕ್ ಒಮ್ಮೆಲೇ ಜಗ್ಗಬಾರದು. ಲಿಂಬೆಹಣ್ಣು ಹಿಂಡುವ ಹಾಗೆ ಮೊದಲು ಮೆಲ್ಲಗೆ, ಆಮೇಲೆ ಬಿಗಿಯಾಗಿ. ಭಾರ ಮುಂದಿನ ಗಾಲಿಗೆ ಬಂದ ಮೇಲೆ ಅದು ಎಷ್ಟು ಹಿಡಿಯುತ್ತದೆ ಅಂದರೆ ನಂಬುವುದಿಲ್ಲ. ಮಗ ಮೊದಲ ವಾರ 40ರ ವೇಗದಲ್ಲಿ ಡಬ್ಬ ಹಾರಿಸಿದ. ಈಗ ಎರಡು ಅಡಿ ಹಿಂದೆಯೇ ನಿಲ್ಲಿಸುತ್ತಾನೆ. ನಾನು ಇನ್ನೂ ಡಬ್ಬ ಹಾರಿಸುತ್ತಿದ್ದೇನೆ. ಹೋದ ವಾರ ಓಣಿಯ ಇಬ್ಬರು ಹುಡುಗರು ತಮ್ಮ ಗಾಡಿ ತಂದಿದ್ದರು. ಒಬ್ಬನದ್ದು ಕೊರೆದ ಸೈಲೆನ್ಸರ್. ಅವನಿಗೆ ಮೊದಲು ಅದನ್ನು ಬಿಚ್ಚಿ ಬಾ ಅಂದಿದ್ದೇನೆ. ಬರುವವರು ಇನ್ನೂ ಇದ್ದರೆ ಬರಲಿ, ಐಎಸ್‌ಐ ಗುರುತಿನ ಹೆಲ್ಮೆಟ್ ತಾವೇ ತರಬೇಕು. ಚಹಾ ನಮ್ಮ ಕಡೆಯಿಂದ.

ಇತಿ ನಿಮ್ಮ ಓದುಗ,
ದಾಲ್‌ಮಿಲ್ ಗುಮಾಸ್ತ, ಕಲಬುರಗಿ