ಕೇರಳದ ಕಳಕ್ಕೂಟಂ ಸೈನಿಕ ಶಾಲೆಯ ಲೆಕ್ಕದ ಮಾಷ್ಟ್ರಿಗೆ

ಹೆಸರು ಹಾಕುವುದಿಲ್ಲ ಮಾಷ್ಟ್ರೇ, ಹಾಕಿದರೆ ನಿಮಗೆ ಸಂಕೋಚ. ನನ್ನ ಮಗ ಕಾಸರಗೋಡಿನ ಬದಿಯಡ್ಕದ ಕಡೆಯ ಕನ್ನಡ ಮೀಡಿಯಂ ಹುಡುಗ. ಸೈನಿಕ ಶಾಲೆಯ ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಬರೆದು ಪಾಸಾದ. ಒಳಗೆ ಹೋದ ಮೇಲೆ ಪಾಠವೆಲ್ಲ ಇಂಗ್ಲಿಷ್, ಗೆಳೆಯರ ಮಾತೆಲ್ಲ ಮಲಯಾಳ. ಬೆಳಿಗ್ಗೆ ಪಿಟಿ, ಸಂಜೆ ಆಟ, ರಾತ್ರಿ ಓದು. ಫೋನಿನಲ್ಲಿ ಬರೀ ‘ಹ್ಞೂಂ’.

ಒಂದು ಭಾನುವಾರ ಮಾತ್ರ ಮಾತು ನಿಲ್ಲಿಸಲೇ ಇಲ್ಲ. ನೀವು ಇಡೀ ಕ್ಲಾಸನ್ನು ಪರೇಡ್ ಮೈದಾನಕ್ಕೆ ಕರೆದುಕೊಂಡು ಹೋಗಿ, ಒಂದು ಮೀಟರಿನ ಕೋಲು ನಿಲ್ಲಿಸಿ ನೆರಳು ಅಳೆಸಿದಿರಂತೆ. 80 ಸೆಂಟಿಮೀಟರ್. ಅದೇ ಹೊತ್ತಿಗೆ ಧ್ವಜಕಂಬದ ನೆರಳು 8 ಮೀಟರ್. ಹಾಗಾದರೆ ಕಂಬದ ಎತ್ತರ? ಇವನು ಗಡಿಬಿಡಿಯಲ್ಲಿ ಕನ್ನಡದಲ್ಲೇ “ಹತ್ತು ಮೀಟರ್!” ಅಂದನಂತೆ. ಹುಡುಗರು ನಕ್ಕರು, ನೀವು ನಗಲಿಲ್ಲ. ಕೈಗೆ ಚಾಕ್ ಕೊಟ್ಟು, ಅಲ್ಲೇ ಸಿಮೆಂಟ್ ನೆಲದ ಮೇಲೆ ಎರಡು ತ್ರಿಕೋನ ಬರೆಸಿದಿರಿ.

ಆಮೇಲೆ ರಾತ್ರಿ ಓದಿನ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ಲೆಕ್ಕದ ಇಂಗ್ಲಿಷನ್ನು ನಿಧಾನಕ್ಕೆ ಬಿಡಿಸಿದ್ದೂ ನೀವೇ. ಅದು ನಿಮ್ಮ ಡ್ಯೂಟಿ ಆಗಿರಲಿಲ್ಲ, ಅಲ್ವಾ?

ಈಗ ಸೇನಾ ಅಧಿಕಾರಿಯಾಗಲು ಎನ್‌ಡಿಎ (ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಅಂತ ಹೊರಟಿದ್ದಾನೆ. ಸೀಟು ಸಿಗುತ್ತದೋ ಇಲ್ಲವೋ, ನಿಮಗೆ ತುಂಬಾ ಥ್ಯಾಂಕ್ಸ್. ಈ ಸಲ ಬರುವಾಗ ಹಲಸಿನ ಹಪ್ಪಳ ತರುತ್ತೇನೆ. ಸುಮ್ನೆ ಇಟ್ಟುಕೊಳ್ಳಿ, ಬೇಡ ಅನ್ನಬೇಡಿ.